ಮೊಸರಿದ್ದ ಕಪಾಟಿನಲ್ಲಿ ಮೌಸು

ಇಸಳೂರು, ಶಿರಸಿ
3 ನವೆಂಬರ್ 2024

ಅಕ್ಕನ ಘನ ನ್ಯಾಯಾಲಯಕ್ಕೆ,

ಕೆಳಗೆ ಸಹಿ ಮಾಡಿದ ನಾನು, ಸುನೀಲ, ವಯಸ್ಸು ನಲವತ್ತನಾಲ್ಕು, ಯಾರ ಒತ್ತಾಯವೂ ಇಲ್ಲದೆ, ಬೆಳಗಿನ ಚಹಾ ಕುಡಿದು ಪೂರ್ತಿ ಎಚ್ಚರವಾದ ಮೇಲೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಭಾನುವಾರ, ನಮ್ಮಿಬ್ಬರನ್ನು ಹೆತ್ತ ಆಯಿಯ ಹಾಲಿನ ಕಪಾಟಿನ ಬೆನ್ನಿಗೆ ತೂತು ಕೊರೆಯಲಾಗಿದೆ. ತೂತಿನ ಗಾತ್ರ, ಒಂದು ಅಪ್ಪೆಮಿಡಿ ಸಲೀಸಾಗಿ ನುಸುಳುವಷ್ಟು. ಉದ್ದೇಶ, ಕಂಪ್ಯೂಟರಿನ ವೈರು ಹಾಯಿಸುವುದು. ಪಶ್ಚಾತ್ತಾಪ ಇದೆ. ಆದರೆ ವೈರು ಬಹಳ ಚೆನ್ನಾಗಿ ಹಾಯ್ದಿರುವುದರಿಂದ ಪಶ್ಚಾತ್ತಾಪ ದಿನದಿನಕ್ಕೆ ಕಡಿಮೆ ಬೀಳುತ್ತಿದೆ.

ನಾಲ್ಕು ವರ್ಷದ ಹಿಂದೆ ಆಯಿ ಹೋದ ಮೇಲೆ ಸಿದ್ದಾಪುರದ ಬಾಡಿಗೆ ಮನೆ ಖಾಲಿ ಮಾಡುವಾಗ ನೀನು ಹೇಳಿದ್ದು ನೆನಪಿದೆ: "ಕಪಾಟು ನಿನ್ನ ಹತ್ರ ಇರ್ಲಿ ತಮಾ. ಬೇಕಾದಾಗ ಆನು ಕೇಳ್ತೆ." ಅಂದರೆ ನಾನು ಮಾಲೀಕನಲ್ಲ, ಕಾವಲುಗಾರ. ಕಾವಲುಗಾರನೇ ಕನ್ನ ಕೊರೆದ ಪ್ರಕರಣ ಇದು.

ಕಾರಣವನ್ನೂ ಕೇಳು. ಪ್ರೆಸ್ಸಿನ ಯಜಮಾನರು ಪೇಟೆಯ ಕೋಣೆ ಬಿಟ್ಟುಕೊಟ್ಟು, ಪುಟ ಜೋಡಿಸುವ ಕೆಲಸವನ್ನು ಇನ್ನು ಮನೆಯಲ್ಲೇ ಮಾಡು ಎಂದರು. ಮದುವೆ ಕರೆಯೋಲೆ, ಸಂಘದ ವರದಿ, ಸ್ಮರಣ ಸಂಚಿಕೆ ಎಲ್ಲ ಈಗ ನಮ್ಮ ಹಿಂದಿನ ಕೋಣೆಯಲ್ಲಿ ಹುಟ್ಟುತ್ತವೆ. ಪ್ಲೈವುಡ್ಡಿನ ಮೇಜು ಮೂರನೇ ವಾರಕ್ಕೆ ಮಂಡಿಯೂರಿತು. ಆಗ ಕಣ್ಣಿಗೆ ಬಿದ್ದದ್ದು ಈ ಕಪಾಟು. ಹಲಸಿನ ಮರ, ಭುಜದೆತ್ತರ, ಮೇಲೆ ಕೆಳಗೆ ಜಾಲರಿ ಬಾಗಿಲು. ಆಯಿ ಕಾಸಿದ ಹಾಲು ಇಡುತ್ತಿದ್ದ ಮೇಲಿನ ಅರೆಯಲ್ಲಿ ಈಗ ಕಂಪ್ಯೂಟರಿನ ಪರದೆ ಕುಳಿತಿದೆ. ನಡುವಿನ ಹಲಗೆ ಜಾರಿ ಮುಂದಕ್ಕೆ ಬರುತ್ತದೆ, ಅದರ ಮೇಲೆ ಕೀಲಿಮಣೆ. ಕೆಳಗಿನ ಎಡ ಭಾಗದಲ್ಲಿ, ಜಾಲರಿಯ ಹಿಂದೆ, ಕಂಪ್ಯೂಟರಿನ ಡಬ್ಬ. ಬಲ ಭಾಗದ ಬಾಗಿಲು ತೆಗೆದು ಕಾಲಿಗೆ ಜಾಗ. ಮೊಸರಿದ್ದಲ್ಲಿ ಮೌಸು, ಕೆನೆ ಇದ್ದಲ್ಲಿ ಕೀಲಿ, ಬೆಣ್ಣೆ ಇದ್ದಲ್ಲಿ ಬೆರಳು. ಕೆಲಸ ಮುಗಿಸಿ ಬಾಗಿಲು ಮುಚ್ಚಿದರೆ ಮತ್ತೆ ಅದೇ ಹಾಲಿನ ಕಪಾಟು.

ಬಡಗಿಯ ನೆರಳೂ ಬೀಳದೆ ಆದ ಕೆಲಸ ಅಕ್ಕಾ. ಅಳತೆ, ಗರಗಸ, ಮೊಳೆ ಎಲ್ಲ ಸ್ವಂತ ಕೈ. ನನ್ನೊಳಗೆ ಇಷ್ಟು ಪ್ರತಿಭೆ ಅಡಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಇದನ್ನೆಲ್ಲ ಬಾಯಲ್ಲೇ ಹೇಳೋಣವೆಂದು ಆರು ಸಲ ಫೋನು ಮಾಡಿದೆ. ನಿನ್ನ ಫೋನು ಸ್ವಿಚ್ ಆಫ್. ಹೇಗೋ ತೂತಿನ ಸುದ್ದಿ ಯಲ್ಲಾಪುರ ತಲುಪಿತೆಂದು ತಿಳಿದು ಈ ಲಿಖಿತ ಹೇಳಿಕೆ. ಇಲ್ಲಿ ಎಲ್ಲರೂ ಕ್ಷೇಮ, ಕಪಾಟೊಂದನ್ನು ಬಿಟ್ಟು. ನಿನ್ನ ತಮ್ಮನ ಹೆಂಡತಿ ಪ್ರತಿಭಾ ನಮಸ್ಕಾರ ಹೇಳಿದ್ದಾಳೆ. ಈ ಪತ್ರ ಓದಿ ಏನೂ ಹೇಳದೆ ಎದ್ದುಹೋದಳು.

ಆರೋಪಿ,
ಸುನೀಲ


ಯಲ್ಲಾಪುರ
12 ನವೆಂಬರ್ 2024

ಚಿರಂಜೀವಿ ಸುನೀಲನಿಗೆ,

ಹೇಳಿಕೆ ತಲುಪಿತು. ತೀರ್ಪು ಕಾದಿರಿಸಲಾಗಿದೆ.

ಫೋನನ್ನು ಬಂದ್ ಮಾಡಿ ಗೋಧಿ ಡಬ್ಬದಲ್ಲಿ ಇಟ್ಟಿದ್ದೇನೆ. ಸದ್ಯ ಅಲ್ಲೇ ಇರಲಿ. ನಿನ್ನ ಭಾವನಿಗೂ ಫೋನು ಮಾಡಿ ಪೀಡಿಸಬೇಡ. ಪತ್ರ ಬರೆ. ಪತ್ರದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ನಡುವೆ ಬಾಯಿ ಹಾಕಲಾರೆ. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ, ಈಗ ಬರುವುದೂ ಬೇಡ.

ಕೆಲವು ಪ್ರಶ್ನೆಗಳು. ಹಲಗೆ ನೆಲದಿಂದ ಎಷ್ಟು ಇಂಚು ಎತ್ತರ? ಕಾಲಿಗೆ ಬಿಟ್ಟ ಜಾಗ ಎಷ್ಟು ಅಗಲ? ಹಲಗೆ ಜಾರುವುದು ಮರದ ಪಟ್ಟಿಯ ಮೇಲೋ ಕಬ್ಬಿಣದ ರೈಲಿನ ಮೇಲೋ? ಒಂದು ತಾಸು ಕುಳಿತರೆ ಬೆನ್ನು ನೋಯುತ್ತದೆಯೋ? ಕಪಾಟನ್ನು ಕೋಣೆಯ ಬಾಗಿಲಿನಿಂದ ಹೊರಗೆ ತರಲು ಬರುತ್ತದೆಯೋ?

ಸ್ನಾನವಾಗದೆ ಆ ಕಪಾಟಿನ ಬಾಗಿಲು ಮುಟ್ಟಲು ಆಯಿ ಬಿಡುತ್ತಿರಲಿಲ್ಲ. ನೀನು ಸ್ನಾನ ಮಾಡಿ ಕೆಲಸಕ್ಕೆ ಕೂರುತ್ತೀಯಷ್ಟೆ?

ಅಂದ ಹಾಗೆ, ಪ್ರತಿಭೆ ಯಾರ ಮನೆಯಲ್ಲಿ ಎಲ್ಲಿ ಅಡಗಿದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತು.

ಅಕ್ಕ,
ರೋಹಿಣಿ


ಇಸಳೂರು
19 ನವೆಂಬರ್ 2024

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲು ತಮ್ಮನಾಗಿ, ಆಮೇಲೆ ಆರೋಪಿಯಾಗಿ, ಕೊನೆಗೆ ಕರಡು ತಿದ್ದುವವನಾಗಿ. ಮೂರನೇ ಸಲ ವಿಷಯ ಹೊಳೆಯಿತು. ಎತ್ತರ ಎಷ್ಟು, ಅಗಲ ಎಷ್ಟು, ಬಾಗಿಲಿನಿಂದ ಹೊರಗೆ ಬರುತ್ತದೆಯೋ: ಇದು ಯೋಗಕ್ಷೇಮ ಕೇಳುವವರ ಭಾಷೆಯಲ್ಲ, ಜಪ್ತಿಗೆ ಬರುವವರ ಭಾಷೆ. ಬೇಕಾದಾಗ ಕೇಳುತ್ತೇನೆ ಎಂದವಳು ಕೇಳದೆಯೇ ಟೇಪು ಹಿಡಿದು ನಿಂತಿದ್ದಾಳೆ.

ಕಪಾಟು ನಿನ್ನದೇ. ಇಲ್ಲವೆನ್ನುವುದಿಲ್ಲ. ಆದರೆ ಡಿಸೆಂಬರ್ ಕೊನೆಗೆ ಒಂದು ಸಹಕಾರಿ ಸಂಘದ ಸುವರ್ಣ ಸಂಚಿಕೆ ಮುಗಿಸಿಕೊಡಬೇಕು. ಇನ್ನೂರು ಪುಟ, ಅದರಲ್ಲಿ ನೂರ ಎಂಬತ್ತು ಪುಟ ಶಾಲು ಹೊದ್ದವರ ಭಾವಚಿತ್ರ. ಅಷ್ಟು ಶಾಲುಗಳು ಮಡಚಿ ಮುಗಿಯುವ ತನಕವಾದರೂ ದಯೆ ತೋರು.

ನಿನ್ನ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ. ಕಲಾವಿದ ಇಂಚುಪಟ್ಟಿ ನೋಡಿ ಕೆಲಸ ಮಾಡುವುದಿಲ್ಲ, ಕೈ ಹೋದಂತೆ ಮರ ಬಂತು. ಹಲಗೆ ಜಾರುತ್ತದೆ. ಯಾವುದರ ಮೇಲೆ ಜಾರುತ್ತದೆ ಎನ್ನುವುದು ಅದರ ಖಾಸಗಿ ವಿಷಯ. ಬೆನ್ನು ನೋಯುವುದಿಲ್ಲ, ಪ್ರತಿಭಾ ಒಂದು ತಲೆದಿಂಬು ಕೊಟ್ಟಿದ್ದಾಳೆ. ಸ್ನಾನ ಮಾಡಿಯೇ ಕೂರುತ್ತೇನೆ, ಆದ್ದರಿಂದ ಕೆಲವು ದಿನ ಕೆಲಸ ಮಧ್ಯಾಹ್ನದ ಮೇಲೆ ಶುರುವಾಗುತ್ತದೆ.

ಭಾವನಿಗೆ ಒಂದೇ ಒಂದು ಸಲ ಫೋನು ಮಾಡಿದೆ. "ನಿನ್ನಕ್ಕ ಆರಾಮಿದ್ದು, ಎಂತೋ ಬರೀತಾ ಕೂತಿದ್ದು, ಆಮೇಲೆ ಮಾತಾಡ್ತೆ" ಎಂದು ಇಟ್ಟುಬಿಟ್ಟರು. ಆ ಆಮೇಲೆ ಇನ್ನೂ ಬಂದಿಲ್ಲ. ಭಾವನನ್ನೂ ನಿನ್ನ ಕಡೆಯ ಸಾಕ್ಷಿ ಮಾಡಿಕೊಂಡೆಯಾ?

ಸುನೀಲ


ಯಲ್ಲಾಪುರ
30 ನವೆಂಬರ್ 2024

ಸುನೀಲಾ,

ಐದು ಪ್ರಶ್ನೆ ಕೇಳಿದ್ದೆ. ಎರಡಕ್ಕೆ ತಮಾಷೆ ಬರೆದಿದ್ದೀಯ, ಎರಡಕ್ಕೆ ಸುಳ್ಳು, ಒಂದನ್ನು ಬಿಟ್ಟೇಬಿಟ್ಟಿದ್ದೀಯ. ನನ್ನ ತರಗತಿಯಲ್ಲಿದ್ದಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಕಪಾಟು ಬೇಕೆಂದು ನಾನು ಕೇಳಿಲ್ಲ. ಸಿಟ್ಟೂ ಇಲ್ಲ. ಸಿಟ್ಟು ಮಾಡುವ ಸೌಕರ್ಯ ಸದ್ಯ ನನಗಿಲ್ಲ. ಹಲಗೆಯ ಎತ್ತರ ಮಾತ್ರ ಅಳೆದು ಬರೆ. ನಿನಗೆ ಆಗದಿದ್ದರೆ ಪ್ರತಿಭಾಳಿಗೆ ಕೊಡು, ಅವಳು ಬರೆಯುತ್ತಾಳೆ.

ಚಳಿ ಬಿದ್ದಿದೆ. ಕಿವಿಗೆ ಕಟ್ಟಿಕೊಳ್ಳುತ್ತಾ ಇರು.

ರೋಹಿಣಿ


ಇಸಳೂರು
15 ಡಿಸೆಂಬರ್ 2024

ಅಕ್ಕಾ,

ಸಿಟ್ಟಿಲ್ಲ ಎಂದು ಬರೆದೆ. ನಂಬಿದ್ದೆ. ಮೊನ್ನೆ ಹುಬ್ಬಳ್ಳಿಯಿಂದ ಪ್ರೆಸ್ಸಿಗೆ ಕಾಗದ ತರುವ ಕಲ್ಲಯ್ಯ ಬಂದಿದ್ದರು. ಯಲ್ಲಾಪುರ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆಯಂತೆ. "ಆರಾಮದೀರೇನ್ರಿ ಅಂತ ಕೇಳಿದ್ರ, ನಿಮ್ಮಕ್ಕಾರು ಸುಮ್ನ ಕೈ ಮುಗದು ಆಕಡೆ ಮಾರಿ ಮಾಡಿದ್ರು ನೋಡ್ರಿ" ಎಂದರು. ಹದಿನೈದು ವರ್ಷದ ಪರಿಚಯದ ಮನುಷ್ಯ. ನನ್ನ ಮೇಲಿನ ಸಿಟ್ಟಿಗೆ ನನ್ನ ಪರಿಚಯದವರ ಜೊತೆಗೂ ಮಾತು ಬಿಡುವುದೇ? ಒಂದು ಕಪಾಟು ನಮ್ಮಿಬ್ಬರಿಗಿಂತ ದೊಡ್ಡದಾಯಿತೇ? ಇದನ್ನು ನಗಿಸಲು ಬರೆದದ್ದಲ್ಲ. ಎರಡು ದಿನ ಊಟ ರುಚಿಸಲಿಲ್ಲ.

ಬರೆದೆನಲ್ಲ, ಹಗುರವಾಯಿತು. ಈಗ ಬೇರೆ ಸುದ್ದಿ. ನಮ್ಮ ಅಪ್ಪನನ್ನೂ ಹೆದರಿಸುತ್ತಿದ್ದ ಏಕೈಕ ಅಕ್ಕ, ಸಿದ್ದಾಪುರದ ದೇವಕ್ಕ ಅತ್ತೆ, ಹತ್ತು ದಿನದಿಂದ ನಮ್ಮಲ್ಲಿದ್ದಾಳೆ. ಬಂದವಳೇ ಕಪಾಟಿಗೆ ಒಂದು ಪ್ರದಕ್ಷಿಣೆ ಹಾಕಿ, "ಹಾಲಿನ ಕಪಾಟಲ್ಲಿ ಹಾಲಿಲ್ಲೆ. ಎಂತ ಸಂಸಾರನೋ ನಿಂದು" ಎಂದಳು.

ಈ ಚಳಿಗೆ ನಮ್ಮ ಅಡುಗೆಮನೆಯಲ್ಲಿ ಮೊಸರು ಆಗುತ್ತಲೇ ಇರಲಿಲ್ಲ. ಎರಡು ದಿನ ಕಳೆದ ಮೇಲೆ ಇದ್ದಕ್ಕಿದ್ದಂತೆ ಮೊಸರು ಸುಧಾರಿಸಿತು. ಗಟ್ಟಿ ಎಂದರೆ, ಚಮಚ ನೆಟ್ಟರೆ ನಿಲ್ಲುವಂಥ ಮೊಸರು. ನಾನು ಹಾಲು ಕೊಡುವವರ ಎಮ್ಮೆಯನ್ನು ಹೊಗಳಿದೆ. ಅತ್ತೆ ಸುಮ್ಮನೆ ಬಡಿಸಿದಳು. ಐದನೇ ದಿನ ಸಂಜೆ ಕಂಪ್ಯೂಟರ್ ಆರಿಸಲು ಹೋದರೆ ಅಡುಗೆಮನೆಯಿಂದ ದನಿ ಬಂತು: "ಬಂದ್ ಮಾಡಡ ತಮಾ, ಮೊಸರಾಯ್ದಿಲ್ಲೆ."

ಬಗ್ಗಿ ಜಾಲರಿಯೊಳಗೆ ನೋಡಿದೆ. ಕಂಪ್ಯೂಟರಿನ ಡಬ್ಬದ ನೆತ್ತಿಯ ಮೇಲೆ, ಬಟ್ಟೆ ಸುತ್ತಿಕೊಂಡು, ಹೆಪ್ಪು ಹಾಕಿದ ಪಾತ್ರೆ ಬೆಚ್ಚಗೆ ಕುಳಿತಿತ್ತು. ನಾನು ದಿನವಿಡೀ ನಿರ್ದೇಶಕರ ಶಾಲಿನ ಬಣ್ಣ ತಿದ್ದುತ್ತಿದ್ದರೆ ಕೆಳಗೆ ಅದರ ಕಾವಿಗೆ ಮೊಸರು ಆಗುತ್ತಿತ್ತು. ನಾನು ಪಾತ್ರೆ ತೆಗೆಯಲು ಕೈ ಹಾಕಿದರೆ, ಸ್ನಾನ ಆಯಿತೋ ಇಲ್ಲವೋ ಎಂಬ ವಿಚಾರಣೆ.

ಮೊನ್ನೆ ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು. ನೂರ ಹನ್ನೆರಡನೆಯ ಶಾಲಿನಲ್ಲಿದ್ದೆ, ಮಾಡಿದ್ದನ್ನು ಉಳಿಸಿರಲಿಲ್ಲ. ಯುಪಿಎಸ್ಸು ಕೀಂ ಕೀಂ ಎಂದು ಅರಚಲು ಶುರು ಮಾಡಿತು. ಅತ್ತೆ ಸೌಟು ಹಿಡಿದೇ ಓಡಿಬಂದಳು. "ಮೊಸರಾತು, ಕೂಗ್ತಾ ಇದ್ದು ನೋಡು" ಎಂದು ಬಾಗಿಲು ತೆಗೆದು, ಪಾತ್ರೆ ಎತ್ತಿ ನನ್ನ ಎಡಗೈಗೆ ಕೊಟ್ಟಳು. ಹಿಂದೆ ಬಂದ ಪ್ರತಿಭಾಳಿಗೆ ವಿವರಣೆಯನ್ನೂ ಕೊಟ್ಟಳು: "ಕುಕ್ಕರಿಗೆ ಸೀಟಿ ಇದ್ದಾಂಗೆ ಇದ್ಕೂ ಇದ್ದು." ನಾನು ಒಂದು ಕೈಯಲ್ಲಿ ಮೊಸರು, ಇನ್ನೊಂದು ಕೈಯಲ್ಲಿ ಮೌಸು ಹಿಡಿದು ಶಾಲು ಉಳಿಸಲು ಒದ್ದಾಡುತ್ತಿರುವಾಗ, ಅತ್ತೆ ಬೆರಳು ಅದ್ದಿ ರುಚಿ ನೋಡಿದಳು, ತಲೆಯಾಡಿಸಿದಳು, ಯುಪಿಎಸ್ಸಿನ ಕಡೆ ತಿರುಗಿ ಹೇಳಿದಳು: "ಸಾಕು, ಇನ್ನು ಕೂಗಡ."

ಆ ಗಳಿಗೆಗೇ ಕರೆಂಟು ಬಂತು ಅಕ್ಕಾ. ಯುಪಿಎಸ್ಸು ಬಾಯಿ ಮುಚ್ಚಿತು. ಕಂಪ್ಯೂಟರು ದೇವಕ್ಕತ್ತೆಯ ಮಾತು ಕೇಳುತ್ತದೆಂದು ಈಗ ನಮ್ಮ ಓಣಿಗೆಲ್ಲ ಗೊತ್ತಾಗಿದೆ. ನಿನ್ನೆ ಪಕ್ಕದ ಮನೆಯವರು ಅವರ ಮಿಕ್ಸರು ಕೆಟ್ಟಿದೆ, ಒಂಚೂರು ಗದರಿಸಿ ಹೋಗಿ ಎಂದು ಅತ್ತೆಯನ್ನು ಕರೆದೊಯ್ದಿದ್ದರು.

ನಗು ಬಂದರೆ ನಗು. ಬಾರದಿದ್ದರೆ ಮೊದಲ ಪ್ಯಾರಾಕ್ಕಾದರೂ ಉತ್ತರ ಬರೆ.

ಸುನೀಲ


ಯಲ್ಲಾಪುರ
27 ಡಿಸೆಂಬರ್ 2024

ತಮಾ,

ನಕ್ಕೆ. ಅದನ್ನೇ ಹೇಳಬೇಕಾಗಿದೆ.

"ಇನ್ನು ಕೂಗಡ" ಎಂಬಲ್ಲಿಗೆ ಬಂದಾಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ತಡೆಯಲಾಗಲಿಲ್ಲ. ಶಬ್ದ ಹೊರಗೆ ಬಂತು. ಭಾವ ಹೊರಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತುಬಿಟ್ಟರು. ಹತ್ತು ವಾರದಲ್ಲಿ ನನ್ನಿಂದ ಬಂದ ಮೊದಲ ದನಿ ಅದು.

ನಿನ್ನಿಂದ ಮುಚ್ಚಿಟ್ಟೆ, ತಪ್ಪಾಯಿತು. ಆಗಸ್ಟಿನಲ್ಲಿ ಪಾಠ ಮಾಡುತ್ತಿದ್ದಾಗಲೇ ದನಿ ಒಡೆಯಲು ಶುರುವಾಯಿತು. ಅಕ್ಟೋಬರಿನಲ್ಲಿ ಪೂರ್ತಿ ನಿಂತಿತು. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ಸಣ್ಣ ಗಂಟು ಇದೆ ಎಂದರು. ಮೂರು ತಿಂಗಳು ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು, ಕಡಿಮೆಯಾಗದಿದ್ದರೆ ಆಪರೇಷನ್ನು. ನಿನಗೆ ಹೇಳಿದ್ದರೆ ನೀನು ದಿನಕ್ಕೆ ಮೂರು ಸಲ ಫೋನು ಮಾಡಿ "ಮಾತಾಡಬೇಡ, ಗೊತ್ತಾಯಿತಾ, ಮಾತಾಡಬೇಡ, ಏನಾದರೂ ಹೇಳು" ಎನ್ನುತ್ತಿದ್ದೆ. ಕಲ್ಲಯ್ಯನವರಿಗೆ ಕೈ ಮುಗಿದದ್ದು ಅದಕ್ಕೇ. ಮುಖ ತಿರುಗಿಸಿದ್ದು ಕಣ್ಣು ತುಂಬಿದ್ದರಿಂದ. ಕ್ಷಮೆ ಕೇಳಿದೆನೆಂದು ಅವರಿಗೆ ಹೇಳು.

ನಕ್ಕ ಮರುದಿನವೇ ಹೆದರಿ ಹುಬ್ಬಳ್ಳಿಗೆ ಹೋದೆ. ಡಾಕ್ಟರು ನೋಡಿ, ಗಂಟು ಅರ್ಧ ಇಳಿದಿದೆ, ಶಬ್ದ ಒಡೆಯದೆ ಬಂದಿದ್ದರೆ ಒಳ್ಳೆಯ ಗುರುತು ಎಂದರು. ಆದರೂ ಇನ್ನೊಂದು ತಿಂಗಳು ನಗುವ ಹಾಗಿಲ್ಲ. ಆದ್ದರಿಂದ ಮುಂದಿನ ಪತ್ರದಲ್ಲಿ ಅತ್ತೆಯನ್ನು ಸ್ವಲ್ಪ ಸ್ವಲ್ಪವೇ ಬರೆ.

ಈಗ ಮೇಜಿನ ವಿಷಯ. ಗುಣವಾದರೂ ದಿನಕ್ಕೆ ಆರು ತರಗತಿ ಈ ಗಂಟಲಿಂದ ಸಾಧ್ಯವಿಲ್ಲ. ಶಾಲೆಯವರು ಒಂದು ದಾರಿ ಕೊಟ್ಟಿದ್ದಾರೆ. ನಾನು ಪಾಠಗಳನ್ನು ಕಂಪ್ಯೂಟರಿನಲ್ಲಿ ಚಿತ್ರ, ಬರಹ ಹಾಕಿ ಸಿದ್ಧಮಾಡಬೇಕು. ಹೊಸದಾಗಿ ಬಂದ ರಕ್ಷಿತಾ ಎಂಬ ಹುಡುಗಿ ಅವನ್ನು ತರಗತಿಯಲ್ಲಿ ಓದಿ ನಡೆಸುತ್ತಾಳೆ. ಜನವರಿ ಇಪ್ಪತ್ತಕ್ಕೆ ಮಾದರಿಗೆ ಎರಡು ಪಾಠ ತೋರಿಸಬೇಕು. ಒಪ್ಪಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಇಪ್ಪತ್ತಾರು ವರ್ಷ ಸಾಕೆಂದು ಮನೆಯಲ್ಲಿ ಕೂರಬೇಕು.

ಕೂರಬೇಕು ಎಂದೆ. ಎಲ್ಲಿ ಕೂರಲಿ? ಈ ಮನೆಯಲ್ಲಿ ನನಗೆಂದು ಒಂದು ಮೇಜು ಇಲ್ಲ ಎಂಬುದು ಈ ವಯಸ್ಸಿಗೆ ಗೊತ್ತಾಯಿತು. ಗ್ಯಾಸಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ನಿಂತೇ ಬೆರಳಚ್ಚು ಕಲಿಯುತ್ತಿದ್ದೇನೆ. ಒಗ್ಗರಣೆ ಸಿಡಿದು 'ಕ' ಕೀಲಿ ಅಂಟಿಕೊಂಡಿದೆ. ಕನ್ನಡ ಟೀಚರು ಈಗ ಬರೆಯುವುದೆಲ್ಲ ಬರೀ 'ನ್ನಡ'. ನಿನ್ನ ಮೊದಲ ಪತ್ರ ಬಂದ ದಿನ ಆ ಕಟ್ಟೆಯ ಪಕ್ಕದಲ್ಲೇ ನಿಂತು ಓದಿದೆ. ಆಯಿಯ ಕಪಾಟಿನ ಮುಂದೆ ಕಾಲು ಚಾಚಿ ಕೂತು ಕೆಲಸ ಮಾಡಬಹುದು ಎಂದು ಓದಿ ಹೊಟ್ಟೆಕಿಚ್ಚಾಯಿತು. ಅದೇ ರೀತಿ ಇಲ್ಲೊಂದು ಮಾಡಿಸೋಣ, ಅಷ್ಟು ದೊಡ್ಡದು ಬಾಗಿಲಲ್ಲಿ ಹಿಡಿಯುತ್ತದೆಯೋ ನೋಡೋಣವೆಂದು ಅಳತೆ ಕೇಳಿದೆ. ಈಗಲಾದರೂ ಕಳಿಸು.

ಅಕ್ಕ


ಇಸಳೂರು
30 ಡಿಸೆಂಬರ್ 2024

ಅಕ್ಕಾ,

ಜಪ್ತಿ ಎಂದೆ, ಸಾಕ್ಷಿ ಎಂದೆ. ನನ್ನ ಹಾಸ್ಯವನ್ನೆಲ್ಲ ಒಂದು ಗಂಟಲು ನೋವಿನ ಮುಂದೆ ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಅಳತೆ ಕಳಿಸುವುದಿಲ್ಲ. ಕಪಾಟನ್ನೇ ಕಳಿಸುತ್ತಿದ್ದೇನೆ. ಹೊಸದು ಮಾಡಿಸುವಷ್ಟರಲ್ಲಿ ಇಪ್ಪತ್ತನೇ ತಾರೀಕು ದಾಟಿಹೋಗುತ್ತದೆ. ಸಂಚಿಕೆ ನಿನ್ನೆ ಮುಗಿಯಿತು, ಇನ್ನು ಬರುವ ಶಾಲುಗಳನ್ನು ಊಟದ ಮೇಜಿನ ಮೇಲೆ ಮಡಚುತ್ತೇನೆ. ಯಲ್ಲಾಪುರದ ಶಾಕಿರ್ ಅವರ ಪಿಕಪ್ಪು ಶನಿವಾರ ಇಲ್ಲಿಂದ ಖಾಲಿ ವಾಪಸ್ಸಾಗುತ್ತದೆ, ಅದರಲ್ಲಿ ಬರುತ್ತದೆ. ಕೋಣೆಯ ಬಾಗಿಲಿನಿಂದ ಇಡಿಯಾಗಿ ಹೊರಗೆ ಬರಲಿಲ್ಲ. ಪ್ರತಿಭಾ ಅತ್ತೆಯನ್ನು ಬಿಡಲು ಸಿದ್ದಾಪುರಕ್ಕೆ ಹೋಗಿ ಅಲ್ಲೇ ಹತ್ತು ದಿನ ಉಳಿಯುತ್ತಾಳೆ. ನಾನೊಬ್ಬನೇ ಕೂತು ಇವತ್ತು ಒಂದೇ ದಿನದಲ್ಲಿ ಪೂರ್ತಿ ಬಿಚ್ಚಿದೆ. ಕಟ್ಟಿದವನಿಗೆ ಬಿಚ್ಚುವುದು ಎಷ್ಟರ ಕೆಲಸ?

ಮಾತಾಡಬೇಡ. ಗೊತ್ತಾಯಿತಾ?

ಸುನೀಲ


ಯಲ್ಲಾಪುರ
6 ಜನವರಿ 2025

ತಮಾ,

ಶಾಕಿರ್ ಒಂದೊಂದೇ ತುಂಡನ್ನು ಮಗುವನ್ನು ಇಳಿಸಿದ ಹಾಗೆ ಇಳಿಸಿ ಹೋದರು. ಎಣಿಸಿದೆ, ಹತ್ತೊಂಬತ್ತು ತುಂಡು. ಒಂದು ಬಿಸ್ಕತ್ತಿನ ಪೊಟ್ಟಣದಲ್ಲಿ ಸ್ಕ್ರೂಗಳು. ಯಾವುದರ ಮೇಲೂ ಗುರುತಿಲ್ಲ, ನಂಬರಿಲ್ಲ.

ಹಲಗೆಯ ಬಳಿ ಕೂತು ಮೂಸಿ ನೋಡಿದೆ. ಇನ್ನೂ ಸಣ್ಣಗೆ ಹಾಲಿನ ವಾಸನೆ ಇದೆ. ಆಯಿಯದೋ ದೇವಕ್ಕತ್ತೆಯದೋ ತಿಳಿಯಲಿಲ್ಲ. ಆಮೇಲೆ ಎದ್ದು ದೊಡ್ಡ ಮನುಷ್ಯರಂತೆ ಕಾಲು ಚಾಚಿ ಕುಳಿತುಕೊಳ್ಳುವ ಜಾಗವನ್ನು ಕಿಟಕಿಯ ಬಳಿ ಗೊತ್ತುಮಾಡಿದೆ. ಭಾವ ಟಿವಿಯನ್ನು ಆಚೆ ಸರಿಸಿದರು, ನಾನು ಕೇಳದೆಯೇ.

ನಿನ್ನೆ ನಾನೂ ರಕ್ಷಿತಾಳೂ ಮೂರು ತಾಸು ಜೋಡಿಸಿದೆವು. ಕೊನೆಗೆ ನೋಡಿದರೆ ಜಾರುವ ಹಲಗೆ ಹಿಂಬದಿಗೆ ಜಾರುತ್ತಿದೆ, ಬಾಗಿಲು ಮೇಲ್ಮುಖವಾಗಿ ತೆರೆಯುತ್ತಿದೆ, ಐದು ಸ್ಕ್ರೂ ಉಳಿದಿವೆ. ಇಲ್ಲಿಯ ಬಡಗಿ ಹದಿನೆಂಟರ ತನಕ ಬಿಡುವಿಲ್ಲ ಎಂದಿದ್ದಾನೆ. ಪಾಠ ಇನ್ನೂ ಒಂದೇ ಮುಗಿದಿದೆ.

ನೀನೇ ಸ್ವಂತ ಕೈಯಾರೆ ಮಾಡಿದವನು. ಯಾವುದರ ಮೇಲೆ ಯಾವುದು, ಯಾವ ಸ್ಕ್ರೂ ಎಲ್ಲಿಗೆ ಎಂದು ಒಂದನೇ ಹೆಜ್ಜೆಯಿಂದ ಬರೆದು ತಕ್ಷಣ ಕಳಿಸು. ತಮಾಷೆ ಬೇಡ, ಈ ಸಲ ಉತ್ತರ ಬೇಕು.

ರೋಹಿಣಿ


ಇಸಳೂರು
9 ಜನವರಿ 2025

ಅಕ್ಕಾ,

"ಒಂದನೇ ಹೆಜ್ಜೆ" ಎಂದು ಬರೆದು ನಾಲ್ಕು ಕಾಗದ ಹರಿದೆ. ನಾಲ್ಕರಲ್ಲೂ ಎರಡನೇ ಹೆಜ್ಜೆ ಇರಲಿಲ್ಲ.

ಅಷ್ಟರಲ್ಲಿ ಸಿದ್ದಾಪುರದಿಂದ ಪ್ರತಿಭಾ ಬಂದಳು. ಖಾಲಿ ಕೋಣೆ ನೋಡಿದಳು, ನಿನ್ನ ಎರಡು ಪತ್ರ ಓದಿದಳು. ಕಪಾಟು ಕೊಟ್ಟದ್ದಕ್ಕೆ ಒಂದು ಮಾತೂ ಆಡಲಿಲ್ಲ, ನಂಬರು ಹಾಕದೆ ಬಿಚ್ಚಿದ್ದಕ್ಕೆ ಬಹಳ ಮಾತಾಡಿದಳು. ಆಮೇಲೆ ಸ್ಕ್ರೂಡ್ರೈವರು, ಇಂಚುಪಟ್ಟಿ, ಉಪ್ಪುಕಾಗದ ಎಲ್ಲ ಒಂದು ಚೀಲಕ್ಕೆ ತುಂಬಿದಳು. ಭಾನುವಾರ ಬೆಳಗಿನ ಎಂಟರ ಬಸ್ಸಿಗೆ ನಿನ್ನಲ್ಲಿಗೆ ಬರುತ್ತಾಳೆ. ಸಂಜೆಯೊಳಗೆ ನೀನು ಕುಳಿತು ಎರಡನೇ ಪಾಠ ಶುರು ಮಾಡಬಹುದು. ನಾನೂ ಬರುತ್ತೇನೆ, ಚೀಲ ಭಾರವಿದೆ.

ನಾನು ಏನೋ ಒಂದು ಕಾರಣ ಹೇಳಿ ಅವಳನ್ನು ಕಳಿಸಿದರಾಯಿತು ಎಂದುಕೊಂಡಿದ್ದೆ. ಅವಳು ಒಪ್ಪಲಿಲ್ಲ. "ಅತ್ತಿಗೆಗೆ ನಿಜ ನೀವೇ ಬರೀರಿ. ಆನು ಅಲ್ಲಿ ಹೋಗಿ ಬಾಯಲ್ಲಿ ಹೇಳಿದ್ರೆ ಅತ್ತಿಗೆ ನಗ್ತು, ಗಂಟಲಿಗೆ ಒಳ್ಳೇದಲ್ಲ" ಎಂದಳು. ಡಾಕ್ಟರ ಮಾತಿನ ಮುಂದೆ ನನ್ನ ಮರ್ಯಾದೆ ದೊಡ್ಡದಲ್ಲ. ಆದ್ದರಿಂದ ಮೊದಲು ಸೆರಗನ್ನು ಬಾಯಿಗೆ ಒತ್ತಿಕೋ, ಆಮೇಲೆ ಮುಂದೆ ಓದು.

ಅಳತೆ ತೆಗೆದವಳು ಅವಳು. ಗರಗಸ ಹಿಡಿದವಳು, ರೈಲು ಕೂರಿಸಿದವಳು, ನಿನ್ನ ಐದೂ ಪ್ರಶ್ನೆಗೆ ಅಡುಗೆಮನೆಯಿಂದಲೇ ಉತ್ತರ ಹೇಳಬಲ್ಲವಳು ಅವಳು. ಕಬ್ಬಿಣದ ರೈಲು, ಹದಿನಾರು ಇಂಚಿನದು, ಈಗ ತಾನೆ ಕೇಳಿ ತಿಳಿದುಕೊಂಡೆ. ತೂತು ಕೊರೆದ ಆ ಭಾನುವಾರ ನನ್ನ ಪಾಲಿನ ಕೆಲಸ, ಕಪಾಟಿನೊಳಗೆ ಟಾರ್ಚು ಹಿಡಿಯುವುದು. ಅದೂ ಮೊದಲ ಅರ್ಧ ತಾಸು ಮಾತ್ರ. ಆಮೇಲೆ ಅವಳು ಟಾರ್ಚನ್ನು ನನ್ನ ಕೈಯಿಂದ ತೆಗೆದು ಒಂದು ಹಪ್ಪಳದ ಡಬ್ಬದ ಮೇಲೆ ನಿಲ್ಲಿಸಿಕೊಂಡಳು. ಡಬ್ಬ ಕೊನೆಯ ತನಕ ಅಲುಗಾಡಲಿಲ್ಲ ಎಂದು ಇವತ್ತಿಗೂ ಹೊಗಳುತ್ತಾಳೆ.

ಸುನೀಲ